ಪಾತರಗಿತ್ತಿಗಳ ಮುಕಾದಮ ಯಾರು?

ಪುಸ್ತಕದಲ್ಲಿರುವುದನ್ನು ಪುಸ್ತಕದಲ್ಲೇ ಇಟ್ಟು ಕಲಿಸಿದರೆ ಯಾರಿಗೂ ತೊಂದರೆಯಿಲ್ಲ. ಅದನ್ನು ಹೊರಗೆ ತೆಗೆದ ದಿನದಿಂದ ಮಾಸ್ತರನಿಗೆ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಕನ್ನಡ ಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೋದ ವರ್ಷ ಚಿಟ್ಟೆಗಳನ್ನು ಹೊರಗೆ ತೆಗೆದೆ.

ಮೆಕ್ಸಿಕೊ ದೇಶದ ಒಂದು ಗುಡ್ಡದ ಶಾಲೆಗೂ ನಮ್ಮ ಶಾಲೆಗೂ ಜೋಡಿ ಮಾಡಿಕೊಟ್ಟ ಯೋಜನೆ ಅದು. ಆ ಗುಡ್ಡಕ್ಕೆ ಚಳಿಗಾಲ ಕಳೆಯಲು ಉತ್ತರದಿಂದ ಲಕ್ಷಗಟ್ಟಲೆ ಚಿಟ್ಟೆಗಳು ಹಾರಿ ಬರುತ್ತವೆ. ನಮ್ಮ ಘಟ್ಟದ ಚಿಟ್ಟೆಗಳೂ ಮಳೆಗಾಲಕ್ಕೆ ಮುಂಚೆ ಪೂರ್ವಕ್ಕೆ ಇಳಿದು, ಮಳೆ ಮುಗಿದ ಮೇಲೆ ವಾಪಸು ಏರುತ್ತವೆ. ಎರಡೂ ಕಡೆಯ ಮಕ್ಕಳು ಪತ್ರ ಬರೆಯಬೇಕು, ಕಾಗದದ ಚಿಟ್ಟೆ ಮಾಡಿ ಕಳಿಸಬೇಕು, ಕೊನೆಗೆ ಒಂದು ವಿಡಿಯೊ ಕರೆಯಲ್ಲಿ ತಮ್ಮೂರಿನ ನಿಜವಾದ ಚಿಟ್ಟೆಯೊಂದನ್ನು ಹಾರಿಬಿಟ್ಟು ತೋರಿಸಬೇಕು.

ನಮ್ಮ ಸಂಸ್ಥೆಗೆ ಒಂದೇ ಕಂಪೌಂಡಿನಲ್ಲಿ ಎರಡು ಶಾಲೆ. ಮುಂದಿನದು ಇಂಗ್ಲಿಷ್ ಮಾಧ್ಯಮ, ಬಣ್ಣ ಬಳಿದ ಕಟ್ಟಡ. ಹಿಂದಿನದು ನಮ್ಮದು, ತಗಡಿನ ಮಾಡು. ಇಂಥ ಯೋಜನೆಗಳು ಸಾಮಾನ್ಯವಾಗಿ ಮುಂದಿನ ಕಟ್ಟಡ ದಾಟಿ ಹಿಂದೆ ಬರುವುದಿಲ್ಲ. ಆದರೆ ಮೆಕ್ಸಿಕೊದ ಟೀಚರಮ್ಮ, ನಮ್ಮ ಮಕ್ಕಳು ಮನೆಮಾತಿನಲ್ಲೇ ಕಲಿಯುತ್ತಾರೆ, ನಮಗೂ ಅಂಥವರೇ ಬೇಕು ಎಂದು ಬರೆದುಬಿಟ್ಟಿದ್ದರು. ನಮ್ಮ ಮುಖ್ಯಾಧ್ಯಾಪಕರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿ ಹೇಳಿದರು:

"ಮಾಸ್ತರ, ಪಾತರಗಿತ್ತಿ ಹಾರಿದ್ರ ಮುಂದಿನ ವರ್ಷಾನೂ ಇದು ನಮ್ಮಲ್ಲೇ. ಹಾರಲಿಲ್ಲಂದ್ರ ಮುಂದಿನ ಬಿಲ್ಡಿಂಗಿಗೆ ಕೊಡ್ತೇನಿ ಅಂತ ಚೇರಮನ್ ಸಾಹೇಬ್ರು ಅಂದಾರ. ನಮ್ಮ ಮರ್ಯಾದಿ ನಿಮ್ಮ ಹುಳದ ಕೈಯಾಗ ಐತಿ."

ಹುಳಕ್ಕೆ ಕೈಯಿಲ್ಲ, ಕಾಲು ಮಾತ್ರ ಎಂದು ಹೇಳುವ ಸಮಯ ಅದಾಗಿರಲಿಲ್ಲ.

ಮುಕಾದಮ

ಮೊದಲ ಪಾಠ ವಲಸೆಯ ಬಗ್ಗೆ. ನಕಾಶೆ ತೂಗುಹಾಕಿ, ಕೋಲು ಹಿಡಿದು, ಚಿಟ್ಟೆಗಳು ಇಲ್ಲಿಂದ ಹೊರಟು ಇಲ್ಲಿಗೆ ಬರುತ್ತವೆ ಎಂದು ತೋರಿಸಿದೆ. ಮಕ್ಕಳು ಬೆರಗಾಗಲಿಲ್ಲ. ದೀಪಾವಳಿ ಮುಗಿದರೆ ಸಾಕು, ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವ ಟೋಳಿಗಳು ದೂರದ ಊರುಗಳಿಂದ ಬಂದು ಗುಡಿಸಲು ಹಾಕುತ್ತವೆ, ಸೀಜನ್ ಮುಗಿದರೆ ಹೋಗುತ್ತವೆ. ಅವರಿಗೆ ವಲಸೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ.

"ಸರ್, ಪಾತರಗಿತ್ತಿಗೋಳ ಮುಕಾದಮ ಯಾರ್ರಿ?"

ಟೋಳಿಯನ್ನು ಕಟ್ಟಿ, ದಾರಿ ತೋರಿಸಿ ಕರೆತರುವವನು ಮುಕಾದಮ. ಚಿಟ್ಟೆಗಳಿಗೆ ಹಾಗೆ ಯಾರೂ ಇಲ್ಲ, ತಾವೇ ಬರುತ್ತವೆ ಎಂದೆ.

"ಮುಕಾದಮ ಇಲ್ದ ಕಬ್ಬು ಕಡಿಯೋ ನಾಕ ಕೊಯ್ತಾದವ್ರೂ ಹೊಂಡೂದಿಲ್ರಿ. ಇವು ಲಕ್ಷ ಅದಾವ ಅಂತೀರಿ."

ಮೆಕ್ಸಿಕೊದಿಂದ ಹೋಗುವ ಚಿಟ್ಟೆಯೇ ಮುಂದಿನ ವರ್ಷ ಬರುವುದಿಲ್ಲ, ಅದರ ಮರಿಮೊಮ್ಮಗ ಬರುತ್ತದೆ, ಅದಕ್ಕೆ ದಾರಿ ತೋರಿಸಲು ಹಳಬರು ಯಾರೂ ಉಳಿದಿರುವುದಿಲ್ಲ ಎಂದು ವಿವರಿಸಿದೆ. ಇದರಿಂದ ನನ್ನ ಪಕ್ಷ ಇನ್ನಷ್ಟು ದುರ್ಬಲವಾಯಿತು. ಇಡೀ ತರಗತಿ ನನ್ನನ್ನು ಕರುಣೆಯಿಂದ ನೋಡತೊಡಗಿತು. ಕೊನೆಗೆ ಪ್ರಶ್ನೆಯನ್ನು ಮೆಕ್ಸಿಕೊಗೆ ಬರೆದೆ. ಉತ್ತರ ಬಂತು: ಸೂರ್ಯನ ದಿಕ್ಕು ಹಿಡಿದು ಹಾರುತ್ತವೆ ಎನ್ನುತ್ತಾರೆ, ಆದರೆ ಪ್ರತಿ ವರ್ಷ ಅದೇ ಗುಡ್ಡವನ್ನು ಹೇಗೆ ಕಂಡುಹಿಡಿಯುತ್ತವೆ ಎಂಬುದನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.

ಹುಡುಗಿ ತೃಪ್ತಿಯಿಂದ ಕುಳಿತಳು.

"ಅಂದ್ರ ಅದಾನ್ರಿ ಸರ್. ಇನ್ನೂ ಸಿಕ್ಕಿಲ್ಲ, ಅಷ್ಟ."

ಉಡಿ

ಕಾಗದದ ಚಿಟ್ಟೆ ಮಾಡಿ ತನ್ನಿ ಎಂದೆ. ಬಂದವುಗಳಲ್ಲಿ ಕಾಗದವೇ ಕಡಿಮೆ. ಒಬ್ಬಳ ಸೋದರಮಾವ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಅವಳ ಚಿಟ್ಟೆಗೆ ಎರಡೂ ರೆಕ್ಕೆಗೆ ಸೀರೆಯ ಅಂಚು. ಇನ್ನೊಬ್ಬ ಹುಪರಿಯ ಅತ್ತೆಯ ಮನೆಯಿಂದ ಬೆಳ್ಳಿಯ ಗೆಜ್ಜೆ ತಂದು ಚಿಟ್ಟೆಯ ಕಾಲಿಗೆ ಪೋಣಿಸಿದ್ದ.

"ಪಾತರಗಿತ್ತಿ ಹಾರಿದ್ರ ಸಪ್ಪಳ ಆಗಂಗಿಲ್ಲೋ," ಎಂದೆ.

"ಒಂದ ಹೊಂಟೈತ್ರಿ ಸರ್, ದಾರಿ ತಪ್ಪಿದ್ರ ಯಾರಿಗರ ಸಪ್ಪಳ ಕೇಳಬೇಕಲ್ರಿ."

ಪೆಟ್ಟಿಗೆ ಕಟ್ಟುವ ದಿನ ನಾಲ್ಕು ಜನ ತಾಯಂದಿರು ಬಂದರು. ಕೈಯಲ್ಲಿ ಮಡಿಲು ತುಂಬಲು ಅಕ್ಕಿ, ಅರಿಶಿನ, ಒಂದು ತೆಂಗಿನಕಾಯಿ.

"ಹೆಣ್ಣುಮಕ್ಕಳನ್ನ ಪರದೇಶಕ್ಕ ಖಾಲಿ ಉಡೀಲೆ ಹೆಂಗ ಕಳಸ್ತೀರಿ ಸರ್?"

"ಅಕ್ಕಾರ, ಇದ್ರಾಗ ಗಂಡೂ ಅದಾವ."

"ಗಂಡಿದ್ರ ಒಯ್ದು ಹೆಂಡ್ತಿ ಕೈಯಾಗ ಕೊಡ್ತಾನ, ಬಿಡ್ರಿ."

ಮಾತುಕತೆ ಅರ್ಧ ತಾಸು ನಡೆಯಿತು. ತೆಂಗಿನಕಾಯಿಯನ್ನು ಪೆಟ್ಟಿಗೆಯಿಂದ ಹೊರಗಿಡಿಸುವುದರಲ್ಲಿ ನಾನು ಗೆದ್ದೆ, ಉಳಿದೆಲ್ಲದರಲ್ಲಿ ಸೋತೆ. ಪ್ರತಿ ಚಿಟ್ಟೆಯ ಹೊಟ್ಟೆಗೆ ಒಂದು ಪುಟ್ಟ ಕಾಗದದ ಜೇಬು ಅಂಟಿಸಿ, ಅರಿಶಿನ ಹಚ್ಚಿದ ಐದೈದು ಅಕ್ಕಿ ಕಾಳು ತುಂಬಿದರು.

ಪೆಟ್ಟಿಗೆಯನ್ನು ಕೊಲ್ಹಾಪುರದ ಅಂಚೆ ಕಚೇರಿಗೆ ಒಯ್ದೆ. ಕಿಟಕಿಯ ಹಿಂದಿನ ಹೆಣ್ಣುಮಗಳು ಮರಾಠಿಯಲ್ಲಿ, "ಆತ ಕಾಯ ಆಹೇ?" ಎಂದರು. ಒಳಗಿರುವುದು ಚಿಟ್ಟೆ ಎಂದೆ. ಜೀವಂತವೋ ಎಂದರು. ಕಾಗದದ್ದು ಎಂದೆ. ತೆರೆಯಿರಿ ಎಂದರು. ತೆರೆದೆ. ಅರಿಶಿನದ ಕಲೆ ನೋಡಿ ಅವರ ದನಿ ಬದಲಾಯಿತು.

"ಓಟೀ ಭರಲೀ ಕಾ?" ಉಡಿ ತುಂಬಿದ್ದೀರಾ ಎಂದು.

"ಭರಲೀ," ಎಂದೆ.

"ಮಗ ಠೀಕ ಆಹೇ," ಹಾಗಾದರೆ ಸರಿ ಎಂದು ಠಪ್ಪನೆ ಮುದ್ರೆ ಒತ್ತಿ ಬೀಳ್ಕೊಟ್ಟರು. ಸಂಬಂಧಿಕರ ಮದುವೆಯಲ್ಲೂ ಯಾರೂ ನನ್ನನ್ನು ಅಷ್ಟು ಗೌರವದಿಂದ ನೋಡಿರಲಿಲ್ಲ.

ಆರು ವಾರಗಳ ನಂತರ ಮೆಕ್ಸಿಕೊದಿಂದ ಪತ್ರ. "ನಿಮ್ಮ ಚಿಟ್ಟೆಗಳು ಕ್ಷೇಮವಾಗಿ ಬಂದವು. ಪ್ರತಿಯೊಂದರ ಹೊಟ್ಟೆಯಲ್ಲೂ ಐದೈದು ಹಳದಿ ಮೊಟ್ಟೆ ಇಟ್ಟಿದ್ದೀರಿ. ನಿಮ್ಮ ಮಕ್ಕಳ ವೈಜ್ಞಾನಿಕ ಶ್ರದ್ಧೆ ದೊಡ್ಡದು. ನಮ್ಮ ಮಕ್ಕಳು ಅವನ್ನು ಎಲೆಯ ಮೇಲಿಟ್ಟು ಹನ್ನೆರಡು ದಿನದಿಂದ ಕಾಯುತ್ತಿದ್ದಾರೆ. ಇನ್ನೂ ಎಷ್ಟು ದಿನ ಬೇಕು?"

ಪತ್ರವನ್ನು ತಾಯಂದಿರಿಗೆ ಓದಿ ಹೇಳಿದೆ. ಅವರಲ್ಲಿ ಹಿರಿಯಾಕೆ ಹಣೆ ಚಚ್ಚಿಕೊಂಡಳು.

"ಹನ್ನೆರಡು ದಿನ ಎಲಿ ಮ್ಯಾಲ ಇಟ್ರ ಅಕ್ಕಿ ಹೆಂಗ ಬೇಯ್ತೈತ್ರಿ? ಒಲಿ ಇಲ್ಲೇನ್ ಪಾಪ ಆ ಊರಾಗ?"

ಹೊತ್ತು ಮುಳುಗಿದ ಮೇಲೆ

ಇನ್ನು ನಿಜವಾದ ಚಿಟ್ಟೆ. ಮೆಕ್ಸಿಕೊದ ಚಿಟ್ಟೆಗೆ ನಮ್ಮಲ್ಲೊಂದು ಹತ್ತಿರದ ಸಂಬಂಧಿಯಿದೆ, ಸಿಂಧೂರದ ಬಣ್ಣದ್ದು. ಅದರ ಹುಳ ಎಕ್ಕೆಯ ಎಲೆ ತಿನ್ನುತ್ತದೆ. ನಮ್ಮ ಶಾಲೆಯ ಹಿಂದೆ ಯಾರೂ ನೆಡದ, ಯಾರೂ ನೀರೆರೆಯದ ಒಂದು ಎಕ್ಕೆ ಗಿಡವಿದೆ. ಶಾಲೆಯ ಆಸ್ತಿಯಲ್ಲಿ ಚೆನ್ನಾಗಿ ಬೆಳೆದದ್ದು ಅದೊಂದೇ. ಅದರಿಂದ ಒಂದು ಹುಳವನ್ನು ಡಬ್ಬಿಗೆ ಹಾಕಿದೆವು. ರಜೆ ಬಂದಿತು. ಡಬ್ಬಿಯನ್ನು ಒಬ್ಬ ಜೈನರ ಹುಡುಗ ಮನೆಗೆ ಒಯ್ದ.

ಮೂರನೆಯ ದಿನ ನೋಡಲು ಹೋದೆ. ಸಂಜೆಯಾಗಿತ್ತು. ಮನೆಯವರೆಲ್ಲ ಆಗಲೇ ಉಂಡು ಕೈ ತೊಳೆದಿದ್ದರು. ಹುಡುಗನ ಅಜ್ಜಿ ಡಬ್ಬಿಯಿಂದ ಎಲೆಗಳನ್ನು ಒಂದೊಂದಾಗಿ ತೆಗೆದು ಹೊರಗಿಡುತ್ತಿದ್ದರು.

"ಅಜ್ಜಿ, ಎಲಿ ಯಾಕ ತಗೀತೀರಿ?"

"ಹೊತ್ತು ಮುಳುಗಾಕ ಬಂತಲ್ರಿ. ನಮ್ಮ ಮನ್ಯಾಗ ರಾತ್ರಿ ಯಾರೂ ಉಣ್ಣಂಗಿಲ್ಲ."

"ಅದು ಹುಳ ರೀ. ಅದಕ್ಕ ಹಗಲೂ ರಾತ್ರಿ ತಿನ್ನಬೇಕು."

"ಅದರ ಮನ್ಯಾಗ ತಿನ್ನಲಿ, ಯಾರ ಬ್ಯಾಡಂತಾರ? ಇಲ್ಲಿ ಇದ್ದಷ್ಟು ದಿನ ನಮ್ಮ ನೇಮ. ಮುಂಜಾನೆ ಸೂರ್ಯಾ ಮೂಡಿದ ಮ್ಯಾಲ ಹೊಸಾ ಎಲಿ ನಾನಾ ತೊಳದು ಕೊಡ್ತೇನಿ."

ವಿಜ್ಞಾನದಲ್ಲಿ ಇದಕ್ಕೆ ಉತ್ತರವಿರಬಹುದು, ಆದರೆ ಅವರು ಅಷ್ಟರಲ್ಲಿ ನನಗೆ ಮಜ್ಜಿಗೆ ಕೊಟ್ಟಿದ್ದರು. ಸೂರ್ಯ ಮುಳುಗುವ ಮೊದಲು ಕುಡಿದು ಮುಗಿಸಿದೆ.

ಎರಡು ದಿನ ಬಿಟ್ಟು ಹೋದರೆ ಹುಳ ಮುಚ್ಚಳಕ್ಕೆ ತೂಗುಬಿದ್ದು ಕೋಶ ಕಟ್ಟಿತ್ತು. ಈಗ ಅದು ಏನೂ ತಿನ್ನುವುದಿಲ್ಲ, ನೀರೂ ಕುಡಿಯುವುದಿಲ್ಲ ಎಂದು ಅಜ್ಜಿಗೆ ತಿಳಿಸಿದೆ. ಅವರು ಡಬ್ಬಿಗೆ ಕೈ ಮುಗಿದು, ಮೊಮ್ಮಗನ ಕಡೆ ತಿರುಗಿದರು.

"ನೋಡೊ. ನಾ ರಾತ್ರಿ ಅಷ್ಟ ಬಿಡು ಅಂದಿದ್ನಿ, ಅದು ಹಗಲಿಂದೂ ಬಿಟ್ಟೈತಿ. ನಿನಗ ಒಂದು ವಡಾಪಾವ್ ಬಿಡಾಕ ಆಗವಲ್ದು."

ಶನಿವಾರ

ಆ ಕೋಶದಿಂದ ಚಿಟ್ಟೆ ಬಂದ ದಿನ ಅಜ್ಜಿ ಮುಚ್ಚಳ ತೆಗೆದು ಹಾರಿಬಿಟ್ಟರು. "ಉಪಾಸ ಮುಗಿಸಿದವರನ್ನ ಡಬ್ಬಿಯಾಗ ಇಟಗೋತಾರೇನ್ರಿ?" ಎಂದು ನನ್ನನ್ನೇ ಕೇಳಿದರು. ವಿಡಿಯೊ ಕರೆಗೆ ಒಂದೇ ವಾರ ಉಳಿದಿತ್ತು.

ಎಕ್ಕೆ ಗಿಡವನ್ನು ಎಲೆ ಎಲೆ ಹುಡುಕಿದೆವು. ಒಂದೇ ಒಂದು ಎಲೆಯ ಅಡಿಯಲ್ಲಿ ಹಸಿರು ಕೋಶ ತೂಗುತ್ತಿತ್ತು. ಅದನ್ನು ಮುಟ್ಟಲೇ ಇಲ್ಲ. ಮಕ್ಕಳು ಸರದಿಯ ಮೇಲೆ ಹಗಲೆಲ್ಲ ಕಾವಲು ನಿಂತರು. ಶುಕ್ರವಾರ ಸಂಜೆ ಕೋಶದ ಸಿಪ್ಪೆಯೊಳಗಿಂದ ಕೇಸರಿ ರೆಕ್ಕೆ ಕಾಣತೊಡಗಿತು. ಅಂದರೆ ಮರುದಿನ ಬೆಳಿಗ್ಗೆ ಚಿಟ್ಟೆ ಹೊರಬರುತ್ತದೆ. ಕರೆಯೂ ಬೆಳಿಗ್ಗೆ ಏಳೂವರೆಗೇ, ಅಲ್ಲಿ ಇನ್ನೂ ಶುಕ್ರವಾರ ರಾತ್ರಿ ಎಂಟು. ಇಷ್ಟು ಸರಿಯಾಗಿ ನನ್ನ ಜೀವನದಲ್ಲಿ ಯಾವುದೂ ಕೂಡಿಬಂದಿರಲಿಲ್ಲ. ಆಗಲೇ ಸಂಶಯ ಪಡಬೇಕಿತ್ತು.

ಶನಿವಾರ ಏಳಕ್ಕೆ ಹೋದರೆ ಮಕ್ಕಳು ಗಿಡದ ಸುತ್ತ ನಿಂತಿದ್ದರು. ಗಿಡದಲ್ಲಿ ಕಡ್ಡಿಗಳಿದ್ದವು. ಒಂದು ಎಲೆಯೂ ಇರಲಿಲ್ಲ.

ನಮ್ಮ ಕಡೆ ಶನಿವಾರ ಮಾರುತಿಗೆ ಎಕ್ಕೆ ಎಲೆಯ ಮಾಲೆ ಹಾಕುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಹುಟ್ಟಿದಾಗಿನಿಂದ ಗೊತ್ತು. ಗೊತ್ತಿರುವುದು ಬೇಕಾದಾಗ ನೆನಪಿಗೆ ಬರದಿರುವುದಕ್ಕೇ ಮಾಸ್ತರಿಕೆ ಎನ್ನುತ್ತಾರೆ.

ಅಷ್ಟರಲ್ಲಿ ಮುಖ್ಯಾಧ್ಯಾಪಕರು ಬಂದರು. ಹಣೆಗೆ ಸಿಂಧೂರ, ಕೈಯಲ್ಲಿ ಪ್ರಸಾದ.

"ತಗೊಳ್ರಿ ಮಾಸ್ತರ, ಇನ್ನ ಕಾಳಜಿ ಬ್ಯಾಡ. ಪಾತರಗಿತ್ತಿ ಛಲೋ ಹಾರಲಿ ಅಂತ ಮಾರುತಿಗೆ ನೂರಾ ಎಂಟು ಎಲಿ ಮಾಲಿ ಬೇಡಿಕೊಂಡಿದ್ನಿ. ಈಗಷ್ಟ ಹಾಕಿ ಬಂದ್ನಿ."

"ಎಲಿ ಎಲ್ಲಿಂದ ತಂದ್ರಿ ಸರ್?"

"ಇಲ್ಲೇ, ನಮ್ಮ ಗಿಡದ್ದ. ನಸುಕಿನ್ಯಾಗ ಇನ್ನೂ ಕತ್ತಲಿತ್ತು, ಕೈಗೆ ಸಿಕ್ಕಿದ್ದೆಲ್ಲಾ ಹರದ್ನಿ." ನಂತರ ಏನೋ ನೆನಪಾದವರಂತೆ, "ಒಂದು ಎಲಿ ಮಾತ್ರ ಕೈಗೆ ಸ್ವಲ್ಪ ಭಾರ ಅನಿಸ್ತು," ಎಂದರು.

ಆಮೇಲೆ ಅವರ ಮುಖದ ಮೇಲೆ ನಡೆದದ್ದನ್ನು ನಾನು ವರ್ಣಿಸುವುದಿಲ್ಲ. ಅವರು ನನ್ನ ಮೇಲಧಿಕಾರಿಗಳು.

ಮಾರುತಿ ಗುಡಿ ರಸ್ತೆಯ ಆಚೆ. ನಲವತ್ತು ಮಕ್ಕಳು, ಇಬ್ಬರು ಮಾಸ್ತರರು ಓಡಿದೆವು. ದೇವರ ಎದೆಯ ಮೇಲೆ ಮಾಲೆ, ಮಾಲೆಯ ನಡುವೆ ಆ ಎಲೆ, ಎಲೆಗೆ ಕೋಶ. ಕೋಶ ಆಗಲೇ ಬಿರಿಯುತ್ತಿತ್ತು.

"ಪೂಜಾರಿ ಕಾಕಾ, ಆ ಒಂದು ಎಲಿ ತಗದು ಕೊಡ್ರಿ," ಎಂದೆ.

"ದೇವರ ಕೊರಳಾಗಿಂದು ತಗ್ಯಾಕ ಬರಂಗಿಲ್ರಿ ಮಾಸ್ತರ. ನಾಳೆ ಬರ್ರಿ."

ಅಷ್ಟರಲ್ಲಿ ಫೋನು ರಿಂಗಾಯಿತು. ಮೆಕ್ಸಿಕೊ. ತೆಗೆಯದೆ ವಿಧಿಯಿರಲಿಲ್ಲ. ಪರದೆಯ ತುಂಬ ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮಂದಿರು. ನಾನು ಫೋನನ್ನು ದೇವರ ಕಡೆ ತಿರುಗಿಸಿದೆ.

ಚಿಟ್ಟೆ ಹೊರಬಂತು. ಮುದುಡಿದ ರೆಕ್ಕೆ ತೂಗುಬಿಟ್ಟು ಮಾರುತಿಯ ಎದೆ ಹಿಡಿದು ನಿಂತಿತು. ಆದರೆ ಸಿಂಧೂರದ ಮೇಲೆ ಸಿಂಧೂರ ಬಣ್ಣದ ಚಿಟ್ಟೆ, ಯಾರಿಗೆ ಕಾಣಬೇಕು? ಚಿಟ್ಟೆ ಎಲ್ಲಿ ಎಂದು ಅಲ್ಲಿಂದ ಕೇಳುತ್ತಲೇ ಇದ್ದರು. ಇತ್ತ ಎಣ್ಣೆ ಎರೆಯಲು ಬಂದ ಭಕ್ತರ ಸಾಲು ಬಾಗಿಲು ದಾಟಿ ರಸ್ತೆಗೆ ಇಳಿದಿತ್ತು. ರೆಕ್ಕೆ ಒಣಗಲು ಇನ್ನೂ ಒಂದು ತಾಸು ಬೇಕು, ಒಂದು ಹನಿ ಎಣ್ಣೆ ಬಿದ್ದರೂ ಮುಗಿಯಿತು ಎಂದು ಪೂಜಾರಿ ಕಾಕಾನಿಗೆ ಹೇಳಿದೆ. ಅವರು ಚಿಟ್ಟೆಯನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿ, ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಾರೂ ಥಾಂಬಾ, ನಿಲ್ರಿ! ಇವತ್ತ ಎಣ್ಣಿ ಇಲ್ಲ. ದೇವರು ಕೆಲಸದಾಗ ಅದಾನ."

ಒಂದು ತಾಸು ಯಾರೂ ಅಲುಗಲಿಲ್ಲ. ಮುಖ್ಯಾಧ್ಯಾಪಕರು ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಇನ್ನೊಂದು ಹರಕೆಯನ್ನೇನಾದರೂ ಹೊರುತ್ತಿದ್ದಾರೋ ಎಂದು ನನಗೆ ಭಯ. ಕೊನೆಗೆ ಚಿಟ್ಟೆ ರೆಕ್ಕೆ ಬಿಡಿಸಿತು, ಮಡಚಿತು, ಮತ್ತೆ ಬಿಡಿಸಿತು. ಮಾರುತಿಯ ಭುಜದಿಂದ ಗದೆಗೆ, ಗದೆಯಿಂದ ಬಾಗಿಲಿಗೆ, ಬಾಗಿಲಿನಿಂದ ಬಿಸಿಲಿಗೆ. ಇಲ್ಲಿ ಚಪ್ಪಾಳೆ, ಅಲ್ಲಿ ಚಪ್ಪಾಳೆ. ಸಾಲಿನ ಕೊನೆಯಲ್ಲಿ ನಿಂತಿದ್ದ ಚೇರಮನ್ ಸಾಹೇಬರು ಎಣ್ಣೆಯ ಬಾಟಲಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ಹೊಡೆಯುವುದನ್ನು ನಾನೇ ನೋಡಿದೆ. ಯೋಜನೆ ಹಿಂದಿನ ಕಟ್ಟಡದಲ್ಲೇ ಉಳಿಯಿತು.

ಆಗ ಪರದೆಯ ಮೇಲೆ ಒಬ್ಬಳು ಹುಡುಗಿ ಮುಂದೆ ಬಂದು ಏನೋ ಕೇಳಿದಳು. ಟೀಚರಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿದರು: ಚಿಟ್ಟೆಯನ್ನು ಎದೆಯ ಮೇಲೆ ಇಟ್ಟುಕೊಂಡು ಕಳಿಸಿಕೊಟ್ಟರಲ್ಲ, ಆ ಕೇಸರಿ ಬಣ್ಣದ ಹಿರಿಯರು ಯಾರು?

ನಾನು ಉತ್ತರ ಕೂಡಿಸತೊಡಗಿದೆ. ಗಾಳಿಯ ಮಗ, ಒಂದೇ ನೆಗೆತಕ್ಕೆ ಸಮುದ್ರ ದಾಟಿದವನು, ನೋಡದ ಊರಿಗೂ ದಾರಿ ಹಿಡಿದು ಹೋಗಿ ಮುಟ್ಟಿದವನು, ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗಲೇ ನಮ್ಮ ಮೊದಲ ಬೆಂಚಿನ ಹುಡುಗಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಸರ್, ಹೇಳ್ರಿ ಅವರಿಗೆ. ಮುಕಾದಮ ಸಿಕ್ಕಾನ!"

ಅವಳು ಅಂದದ್ದನ್ನು ಅಂದಂತೆ ಹೇಳಿದೆ. ಅಲ್ಲಿಯ ಮಕ್ಕಳು ಪುಸ್ತಕ ತೆಗೆದು ಬರೆದುಕೊಂಡರು. ವಿಜ್ಞಾನಿಗಳಿಗೆ ಇನ್ನೂ ಯಾರೂ ತಿಳಿಸಿಲ್ಲ.