ಅಕ್ಕನನ್ನು ಬಿಡಲು ಹೋದದ್ದು

ವಾಚಪ್ಪನ ಎಡಗಾಲಿಗೆ ಕಾಸಿನಷ್ಟು ಬುದ್ಧಿ ಇದ್ದಿದ್ದರೆ ಆ ದಿನ ಅಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ.

ಅವನದು ಗಡಿಯಾರ ರಿಪೇರಿ. ಬೀದಿಯವರಿಗೆಲ್ಲ ಅವನು ವಾಚಪ್ಪ. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಜಾಗಕ್ಕೆ ಕೂರಿಸುವ ಕೈ ಅದು. ಕಾಲು ಮಾತ್ರ ಯಾವುದೋ ಎತ್ತಿನದನ್ನು ತಂದು ಜೋಡಿಸಿದ ಹಾಗಿತ್ತು. ಕ್ಲಚ್ಚಿನ ಮೇಲೆ ಇಟ್ಟರೆ ಒಂದೋ ಪೂರಾ ಒತ್ತುತ್ತಿತ್ತು, ಇಲ್ಲವೇ ಬಿಸಿ ಹೆಂಚು ತುಳಿದಂತೆ ಕಿತ್ತುಕೊಂಡು ಮೇಲೇಳುತ್ತಿತ್ತು. ಎರಡರ ನಡುವೆ ಇನ್ನೊಂದು ಜಾಗ ಇದೆ ಎಂದು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮೂರು ವಾರ ಬಾಯಿ ಬಡಿದುಕೊಂಡರೂ ಆ ಕಾಲಿಗೆ ಜಾಗ ಸಿಗಲಿಲ್ಲ.

ಮೇಷ್ಟ್ರ ಬಾಯಲ್ಲಿದ್ದದ್ದು ಒಂದೇ ಪದ. ಬಿಡು. "ಕ್ಲಚ್ ಬಿಡು. ಬ್ರೇಕ್ ಬಿಡು. ಸೈಡ್ ಬಿಡು." ಅಡ್ಡ ಬಂದ ಮುದುಕಿಗೆ, "ದಾರಿ ಬಿಡಮ್ಮ." ಗಾಡಿ ಕೆಮ್ಮಿ ನಿಂತರೆ, "ಹೋಗ್ಲಿ ಬಿಡು." ಯಾವ ಬಿಡು ಕಾಲಿಗೆ, ಯಾವುದು ಕೈಗೆ, ಯಾವುದು ಮುದುಕಿಗೆ ಎಂದು ವಿಂಗಡಿಸುವಷ್ಟರಲ್ಲಿ ವಾಚಪ್ಪ ಬೆವರಿನಲ್ಲಿ ಮಿಂದಿರುತ್ತಿದ್ದ. ಕೊನೆಕೊನೆಗೆ ಆ ಪದ ಕಿವಿಗೆ ಬಿದ್ದರೆ ಸಾಕು, ಎಡಗಾಲು ಅವನನ್ನು ಕೇಳದೆಯೇ ಎದ್ದುಬಿಡುತ್ತಿತ್ತು. ಇಂಥವನಿಗೂ ಲೈಸೆನ್ಸು ಬಂತು. ಕೊಟ್ಟವನಿಗೆ ಅವತ್ತು ಕಣ್ಣುನೋವು ಇದ್ದಿರಬೇಕು.

ಐವತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಕಾರಿನ ಶೋಕಿ ಹತ್ತಿರಲಿಲ್ಲ. ಹೆಂಡತಿಯ ತಮ್ಮ ಹೊಸ ಕಾರು ತಂದು ಹಳೆಯದನ್ನು ಇವನ ತಲೆಗೆ ಕಟ್ಟಿದಾಗ, ಬೇಡ ಅನ್ನಬೇಕಾದವನು ಹೂಂ ಅಂದಿದ್ದಕ್ಕೆ ಬೇರೆಯೇ ಕಾರಣ ಇತ್ತು. ಅವನು ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಮೂವತ್ನಾಲ್ಕು ವರ್ಷದಿಂದ ಹೇಳಬೇಕಿತ್ತು. ಅಕ್ಕನ ಮದುವೆ ತಪ್ಪಿಸಿದ್ದು ಅವನು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ತನ್ನನ್ನು ಸಾಕಿದ ಅಕ್ಕನ ಮದುವೆಯನ್ನು ಒಂದೇ ಒಂದು ಸುಳ್ಳಿನಿಂದ ತಪ್ಪಿಸಿದ್ದ. ಅವಳಿಗೆ ಅದನ್ನು ಹೇಳಿರಲಿಲ್ಲ. ಅವಳು ಮದುವೆಯಾಗಲೇ ಇಲ್ಲ.

ಎದುರು ಕೂತು ಹೇಳೋಣವೆಂದರೆ ಅಕ್ಕ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವಳು. ಅವಳು ನೇರವಾಗಿ ಮುಖ ನೋಡಿದರೆ ಎಂಥವನ ಬೆನ್ನೂ ನೆಟ್ಟಗಾಗಿ ನಾಲಿಗೆ ಒಳಗೆ ಹೋಗುತ್ತಿತ್ತು. ಕಾರಿನಲ್ಲಿ ಆ ತೊಂದರೆ ಇಲ್ಲ. ಓಡಿಸುವವನು ಮುಂದೆ ನೋಡಲೇಬೇಕು. ಹಿಂದೆ ಕೂತವರ ಮುಖ ನೋಡಬಾರದು, ನೋಡಿದರೆ ಅಪಘಾತ. ಹೇಡಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಎಲ್ಲಿ ಸಿಕ್ಕೀತು?

ಅಕ್ಕ ಈಗ ದೂರದ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಆಗಿ ಹೊರಟಿದ್ದಳು. ಸಂಜೆ ನಾಲ್ಕೂವರೆಯ ಬಸ್ಸು.

"ಬಸ್ ಸ್ಟ್ಯಾಂಡಿಗೆ ನಾನೇ ಬಿಡ್ತೀನಿ ಅಕ್ಕ," ಅಂದ ವಾಚಪ್ಪ.

"ನೀನಾ? ನಡ್ಕೊಂಡು ಹೋದ್ರೆ ಬೇಗ ಮುಟ್ತೀನೇನೋ," ಅಂದಳು ಅಕ್ಕ. ಆದರೂ ಒಪ್ಪಿದಳು.

ಅವನು ಟ್ರಂಕನ್ನೂ ಹಾಸಿಗೆಯನ್ನೂ ಬೇಕೆಂದೇ ಮುಂದಿನ ಸೀಟಿಗೆ ಹೇರಿದ. ಹಿಂದಿನ ಸೀಟಿಗೆ ಅಕ್ಕ, ಅವಳ ಪಕ್ಕದಲ್ಲಿ ಬೆಡ್‌ಶೀಟ್ ಸುತ್ತಿದ ಅವಳ ನಿಲುವುಗನ್ನಡಿ. ಅದು ಸೀಟಿನ ಮೇಲೆ ಗೋಡೆಯ ಹಾಗೆ ನಿಂತು, ತಲೆಯ ಮೇಲಿನ ಪುಟ್ಟ ಕನ್ನಡಿಯಲ್ಲಿ ಬೆಡ್‌ಶೀಟಿನ ಹೂವುಗಳ ಹೊರತು ಇನ್ನೇನೂ ಕಾಣದಂತಾಯಿತು. ಹೊರಗಿನ ಪಕ್ಕದ ಕನ್ನಡಿಗಳನ್ನು ನೋಡುವ ಪಾಠಕ್ಕೆ ವಾಚಪ್ಪ ಇನ್ನೂ ಬಂದಿರಲಿಲ್ಲ.

ನಾಲ್ಕು ಗಂಟೆಗೆ ಹೊರಟರು. ಹೊರಟರು ಅನ್ನುವುದು ದೊಡ್ಡ ಮಾತು. ಕಾರು ಬಿಕ್ಕಳಿಸಿತು, ಎರಡು ಮಾರು ಹಾರಿತು, ನಿಂತಿತು. ಮತ್ತೆ ಕೀಲಿ, ಮತ್ತೆ ಬಿಕ್ಕಳಿಕೆ. ಹೀಗೇ ಕಪ್ಪೆಯಂತೆ ಕುಪ್ಪಳಿಸುತ್ತ ಬೀದಿಯ ಕೊನೆಯ ಬೇಕರಿಯವರೆಗೆ ಹೋಗುವಷ್ಟರಲ್ಲಿ ಬ್ಯಾಟರಿ ಪ್ರಾಣ ಬಿಟ್ಟಿತು.

ನಿಂತ ಕಾರನ್ನು ಕಂಡರೆ ನಮ್ಮ ಜನಕ್ಕೆ ಎಲ್ಲಿಲ್ಲದ ಉತ್ಸಾಹ. ಬೇಕರಿಯವನು ಕೈ ಒರೆಸಿಕೊಂಡು ಬಂದ. ಕ್ಷೌರದಂಗಡಿಯವನು ಅರ್ಧ ಗಡ್ಡ ಕೆರೆದ ಗಿರಾಕಿಯ ಸಮೇತ ಬಂದ.

"ಪೆಟ್ರೋಲ್ ಇದೆಯೇನ್ರೀ?"

"ಪೆಟ್ರೋಲಿಗಲ್ಲ, ಪ್ಲಗ್ಗಿಗೆ ನೀರು ಹೋಗಿದೆ."

"ಮಳೆ ಬಂದು ತಿಂಗಳಾಯ್ತಲ್ಲ ಮಾರಾಯ, ನೀರೆಲ್ಲಿಂದ ಬಂತು?"

"ಮೊದಲು ನೀನು ಗಡ್ಡ ಪೂರ್ತಿ ಮಾಡಿಸ್ಕೋ, ಆಮೇಲೆ ಕಾರಿನ ವಿಷಯ ಮಾತಾಡು."

ಇಷ್ಟರಲ್ಲಿ ಎಕ್ಸ್‌ಚೇಂಜಮ್ಮನೂ ಬ್ರೆಡ್ಡಿನ ಚೀಲ ಹಿಡಿದು ಬಂದಳು. ಪಕ್ಕದ ಮನೆಯವಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಲೈನುಗಳನ್ನೆಲ್ಲ ಜೋಡಿಸಿದವಳು. ನಿವೃತ್ತಿಯಾದ ಮೇಲೂ ಬೀದಿಯ ಯಾವ ಸುದ್ದಿಯೂ ಅವಳ ಕಿವಿಯನ್ನು ದಾಟದೆ ಮುಂದಿನ ಮನೆಗೆ ಹೋಗುತ್ತಿರಲಿಲ್ಲ.

"ಏನಾಯ್ತು ವಾಚಪ್ಪ? ಎಲ್ಲಿಗೆ ಹೊರಟ್ರಿ? ಮೇಡಂ ಇವತ್ತೇ ಹೋಗ್ತಿದಾರಾ? ನನಗೆ ಯಾರೂ ಹೇಳ್ಲೇ ಇಲ್ಲ!"

ಇವಳೆದುರು ಬಾಯಿ ತೆರೆಯಬಾರದು ಎಂಬಷ್ಟು ಬುದ್ಧಿ ವಾಚಪ್ಪನಿಗಿತ್ತು.

ಅಕ್ಕ ಗಡಿಯಾರ ನೋಡಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿಳಿದಳು. "ಮಾತು ಸಾಕು. ಎಲ್ಲರೂ ಹಿಂದೆ ಬನ್ನಿ, ತಳ್ಳೋಣ. ಲೋ, ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿ ಹಿಡ್ಕೋ. ನಾನು ಬಿಡು ಅಂದ ಕೂಡ್ಲೇ ಬಿಡು."

ಅಕ್ಕ ಹಿಂದೆ ನಿಂತು ಯಾರಿಗೋ ಏನೋ ಹೇಳುವುದು ಕೇಳಿಸಿತು. ಹಿಂದಿನ ಬಾಗಿಲು ತೆರೆಯಿತು, ಮುಚ್ಚಿತು. ವಾಚಪ್ಪನ ಗಮನವೆಲ್ಲ ಎಡಗಾಲಿನಲ್ಲಿತ್ತು. ಕಾರು ಉರುಳತೊಡಗಿತು.

"ಒಂದು! ಎರಡು! ಬಿಡು! ಬಿಡೋ!"

ಎಡಗಾಲು ಎದ್ದಿತು. ಕಾರು ಒಮ್ಮೆ ಗುಟುರು ಹಾಕಿ ಮುಂದಕ್ಕೆ ಚಿಮ್ಮಿತು. ಅವನ ಕೈಯಲ್ಲಿ ಮೊದಲ ಸಲ ಅದು ನಿಲ್ಲದೆ ಓಡುತ್ತಿತ್ತು! ಹಿಂದಿನಿಂದ ಮತ್ತೆ ಕೂಗು ಕೇಳಿತು. "ಬಿಟ್ಟು ಹೋ..." ಎಂಬಷ್ಟು ಕೇಳಿತು, ಮಿಕ್ಕಿದ್ದು ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಬಿಟ್ಟು ಹೋಗು, ನಿಲ್ಲಿಸಬೇಡ ಎಂದು ತಳ್ಳಿದವರು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡ. ಅಕ್ಕ ಹತ್ತಿದ್ದಾಳೆ, ಬಾಗಿಲ ಸದ್ದು ಕೇಳಿದೆಯಲ್ಲ. ನಿಲ್ಲಿಸಿದರೆ ಮತ್ತೆ ಹೊರಡುವ ನಂಬಿಕೆ ಇಲ್ಲ. ಬ್ರೇಕಿನ ಕಡೆಗೆ ಕಾಲು ಕೂಡ ತೋರಿಸಲಿಲ್ಲ.

ದೊಡ್ಡ ರಸ್ತೆಗೆ ಬಂದ ಮೇಲೆ ಉಸಿರು ಹತೋಟಿಗೆ ಬಂತು. ಬಸ್ ಸ್ಟ್ಯಾಂಡಿಗೆ ಇನ್ನು ಹತ್ತು ನಿಮಿಷ. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ. ಸ್ಟೀರಿಂಗನ್ನು ಮುಳುಗುವವನು ಹಗ್ಗ ಹಿಡಿದಂತೆ ಹಿಡಿದು ವಾಚಪ್ಪ ಶುರು ಮಾಡಿದ.

"ನೀನು ಏನೂ ಮಾತಾಡ್ಬೇಡ ಅಕ್ಕ. ನಡುವೆ ಮಾತಾಡಿದ್ರೆ ನನಗೆ ಹೇಳೋಕಾಗಲ್ಲ."

ಹಿಂದಿನ ಸೀಟು ಸುಮ್ಮನಿತ್ತು.

"ನಿಮ್ಮ ಶಾಲೆ ಡ್ರಾಯಿಂಗ್ ಮಾಸ್ತರು ನೆನಪಿದಾರಾ? ಒಂದಿನ ಸೈಕಲ್ ಮೇಲೆ ನಮ್ಮನೆ ಗೇಟಿಗೆ ಬಂದಿದ್ರು. ನೀನು ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ರು. ಯಾಕೆ ಬಂದಿದಾರೆ ಅಂತ ನನಗೆ ಗೊತ್ತಾಯ್ತು. 'ನಿಮ್ಮಕ್ಕ ಮನೇಲಿ ಹೇಗಪ್ಪ?' ಅಂತ ಕೇಳಿದ್ರು. ನನ್ನ ಹಣೆ ಮೇಲೆ ಗಾಯದ ಗುರುತು ಇತ್ತಲ್ಲ, ಗೋಡೆ ಹತ್ತಿ ಬಿದ್ದದ್ದು? ಅದನ್ನ ತೋರಿಸಿದೆ. 'ಸಿಟ್ಟು ಬಂದ್ರೆ ಅಕ್ಕ ಕೈಗೆ ಸಿಕ್ಕಿದ್ದು ಎಸೀತಾಳೆ ಸಾರ್, ಇದು ತಟ್ಟೆ ತಾಗಿದ್ದು' ಅಂದೆ."

ಹಿಂದಿನಿಂದ ಉಸಿರು ಎಳೆದುಕೊಂಡ ಸದ್ದು ಬಂತು. ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಸ್ಟೀರಿಂಗ್ ಬಿಟ್ಟು ಫೋನು ತೆಗೆಯುವ ಧೈರ್ಯ ವಾಚಪ್ಪನಿಗೆ ಇರಲಿಲ್ಲ. ಅದು ಹೊಡೆದು ಹೊಡೆದು ಸುಮ್ಮನಾಯಿತು.

"ಅವರು ಸೈಕಲ್ ತಿರುಗಿಸ್ಕೊಂಡು ಹೋದ್ರು. ಮುಂದಿನ ತಿಂಗಳು ವರ್ಗ ಮಾಡಿಸ್ಕೊಂಡ್ರು. ನೀನು ಎರಡು ವಾರ ಸಂಜೆ ತಲೆ ಬಾಚ್ಕೊಂಡು ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ನಾನು ಒಳಗಿನಿಂದ ನೋಡ್ತಿದ್ದೆ." ಎದುರು ಬಂದ ಸೈಕಲ್ಲಿಗೆ ಸೈಡ್ ಬಿಡಲು ಅವನು ಮಾತು ನಿಲ್ಲಿಸಿದ.

"ಹೂಂ," ಎಂದಿತು ಹಿಂದಿನ ಸೀಟು, ಮೆಲ್ಲಗೆ, ಮುಂದೆ ಹೇಳು ಎನ್ನುವ ಹಾಗೆ.

"ನೀನು ಹೋದ್ರೆ ನನಗೆ ಯಾರೂ ಇರಲ್ಲ ಅಂತ ಹೆದರಿಕೆ ಆಗಿತ್ತು ಅಕ್ಕ. ಹದಿನೇಳು ವರ್ಷದವನಿಗೆ ಅಷ್ಟು ಹೆದರಿಕೆ ಇರಬಾರದಿತ್ತು. ಆಮೇಲೆ ನನಗೆ ಮದುವೆ ಆಯ್ತು, ಮಕ್ಕಳಾದ್ರು. ನಿನಗೇನೂ ಆಗ್ಲಿಲ್ಲ. ತಪ್ಪಾಯ್ತು. ಬೇರೆ ಏನು ಹೇಳ್ಬೇಕೋ ಗೊತ್ತಿಲ್ಲ. ತಪ್ಪಾಯ್ತು."

ಹಿಂದೆ ಅಳು ಕೇಳಿಸಿತು. ಮೂಗು ಏರಿಸುವ ಸದ್ದು. ವಾಚಪ್ಪನ ಕಣ್ಣೂ ಮಂಜಾಯಿತು. ಬಸ್ ಸ್ಟ್ಯಾಂಡಿನ ಕಂಬ ಕಾಣಿಸಿತು. ಒಂದು ಗೇಣು ಅಂತರದಲ್ಲಿ ಅದರ ಮುಂದೆ ಕಾರು ಕೆಮ್ಮಿ ನಿಂತಿತು. ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗಾಗಿ, ಧೈರ್ಯ ಮಾಡಿ ಅವನು ಹಿಂದೆ ತಿರುಗಿದ.

ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಬ್ರೆಡ್ಡಿನ ಚೀಲ ಹಿಡಿದು ಎಕ್ಸ್‌ಚೇಂಜಮ್ಮ ಗಳಗಳ ಅಳುತ್ತಿದ್ದಳು.

"ನೀವಾ?" ವಾಚಪ್ಪ ಕನ್ನಡಿಯ ಹಿಂದಕ್ಕೆ ಇಣುಕಿದ. "ಅಕ್ಕ ಎಲ್ಲಿ?"

"ಅಲ್ಲೇ ಬೇಕರಿ ಮುಂದೆ. ಕನ್ನಡಿ ಹಿಡ್ಕೊಂಡು ಒಳಗೆ ಕೂತಿರಿ, ಗಾಡಿ ಶುರುವಾದ್ಮೇಲೆ ಹತ್ತಿಕೊಳ್ತೀನಿ ಅಂದ್ರು. ಬಿಟ್ಟು ಹೋಗಬೇಡ್ವೋ, ಬಿಟ್ಟು ಹೋಗಬೇಡ್ವೋ ಅಂತ ಕಿರುಚ್ತಾ ಓಡಿ ಬಂದ್ರು ಪಾಪ. ನೀವು ನಿಲ್ಲಿಸ್ಲೇ ಇಲ್ಲ."

"ನೀವಾದ್ರೂ ಹೇಳ್ಬಾರದಿತ್ತಾ?"

"ಹೇಳೋಣ ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ನೀವು ಶುರು ಮಾಡಿದ್ರಿ, ಮಾತಾಡ್ಬೇಡ ಅಂದ್ರಿ. ಜನ ಮಾತಾಡುವಾಗ ನಡುವೆ ಬಾಯಿ ಹಾಕೋ ಅಭ್ಯಾಸ ನನಗಿಲ್ಲ. ಕೆಲಸದಲ್ಲಿ ಕಲಿತದ್ದು."

ವಾಚಪ್ಪನಿಗೆ ಆ ಬ್ರೆಡ್ಡನ್ನು ಅವಳ ಬಾಯಿಗೆ ತುರುಕುವಷ್ಟು ಸಿಟ್ಟು ಬಂತು. ಬಂದರೇನು, ಅಷ್ಟರಲ್ಲಿ ಹಾಲಿನ ವ್ಯಾನೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಡ್ರೈವರನ ಪಕ್ಕದಿಂದ ಅಕ್ಕ ಹಾರಿ ಇಳಿದಳು. ಅರವತ್ತರ ಹೆಂಗಸು, ಕೂದಲು ಕೆದರಿ, ಮುಖ ಕೆಂಪಗಾಗಿ.

ಬಸ್ಸಿನ ಎಂಜಿನ್ ಆಗಲೇ ಗುರುಗುಡುತ್ತಿತ್ತು. ಕಂಡಕ್ಟರು, "ಬೇಗ ಬನ್ನಿ ಅಮ್ಮ, ಬಿಡ್ತಾ ಇದೀವಿ," ಅಂತ ಟ್ರಂಕು, ಹಾಸಿಗೆ, ಕನ್ನಡಿ ಎಲ್ಲ ಒಳಗೆ ಎಳೆದುಕೊಂಡ. ಅಕ್ಕ ಹತ್ತಿ ಕಿಟಕಿಯಿಂದ ತಲೆ ಹಾಕಿದಳು.

"ಯಾಕೋ ನಿಲ್ಲಿಸ್ಲಿಲ್ಲ?"

"ನಿಲ್ಲಿಸಿದ್ರೆ ಮತ್ತೆ ಶುರುವಾಗಲ್ಲ ಅಂತ ಹೆದರಿಕೆ ಆಯ್ತು ಅಕ್ಕ. ಅಕ್ಕ, ನಿನಗೆ ಒಂದು ಮಾತು..."

ಅಕ್ಕ ನಕ್ಕುಬಿಟ್ಟಳು. "ನೋಡು, ಬೇರೆಯವನಾಗಿದ್ರೆ ಬ್ರೇಕ್ ಹಿಡೀಲಿಲ್ಲ, ಲಾರಿ ಅಡ್ಡ ಬಂತು ಅಂತಿದ್ದ. ಹೊಟ್ಟೆನೋವು ಮೇಡಂ, ಕಾಲುಳುಕು ಮೇಡಂ ಅಂತ ಜೀವಮಾನ ಪೂರ್ತಿ ಮಕ್ಕಳ ಸುಳ್ಳು ಕೇಳಿದೀನಿ. ನನ್ನ ತಮ್ಮ ಮಾತ್ರ ಸುಳ್ಳು ಹೇಳೋನಲ್ಲ."

ವಾಚಪ್ಪನ ಬಾಯಿ ತೆರೆದೇ ಇತ್ತು. ಅದರೊಳಗಿನ ಮಾತು ಬಂದ ದಾರಿಯಲ್ಲೇ ವಾಪಸು ಇಳಿಯಿತು. ಬಸ್ಸು ಹೊರಟಿತು. ಕಿಟಕಿಯಲ್ಲಿ ಅಕ್ಕನ ಕೈ ತಿರುವಿನವರೆಗೆ ಕಾಣಿಸಿತು.

ಅವನು ಬಂದು ಕಾರಿನಲ್ಲಿ ಕೂತ. ಎಕ್ಸ್‌ಚೇಂಜಮ್ಮ ಇಳಿದಿರಲೇ ಇಲ್ಲ. ಕಿಟಕಿ ಇಳಿಸಿಕೊಂಡು ಎಲ್ಲ ಕೇಳಿಸಿಕೊಂಡಿದ್ದಳು. ಈಗ ಕಣ್ಣರಳಿಸಿ ಅವನ ಬೆನ್ನನ್ನೇ ನೋಡುತ್ತಿದ್ದಳು.

"ವಾಚಪ್ಪ, ಈ ಮಾತು ನಾನು ಮೊದಲೇ ಕೇಳಿದ್ದೆ."

"ಯಾವ ಮಾತು?"

"ನನ್ನ ತಮ್ಮ ಸುಳ್ಳು ಹೇಳೋನಲ್ಲ ಅನ್ನೋದು. ವರ್ಗ ಆಗಿ ಹೋದ್ಮೇಲೆ ಆ ಮಾಸ್ತರು ಶಾಲೆಗೆ ಟ್ರಂಕ್ ಕಾಲ್ ಮಾಡಿದ್ರು. ನಾನೇ ಜೋಡಿಸಿದ್ದು. 'ನಿಮ್ಮ ತಮ್ಮ ಹೀಗಂದ, ನನಗೆ ನಂಬಿಕೆ ಬರ್ತಿಲ್ಲ, ನೀವೇ ಹೇಳಿ, ನಿಜವಾ?' ಅಂದ್ರು. ಮೇಡಂ ತುಂಬ ಹೊತ್ತು ಸುಮ್ಮನಿದ್ರು. ಲೈನ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ, 'ನನ್ನ ತಮ್ಮ ಸುಳ್ಳು ಹೇಳೋನಲ್ಲ' ಅಂತ ಫೋನ್ ಇಟ್ಟುಬಿಟ್ರು." ಅವಳು ಮೂಗು ಒರೆಸಿಕೊಂಡಳು. "ನಾನು ನಿಜ ಅಂತಲೇ ನಂಬಿದ್ದೆ ಕಣ್ರೀ. ಅದಕ್ಕೇ ಇಷ್ಟು ವರ್ಷ ನಿಮ್ಮ ಮನೆಗೆ ಬಂದ್ರೆ ಬಾಗಿಲ ಹತ್ರಾನೇ ನಿಂತು ಮಾತಾಡ್ತಿದ್ದೆ, ಎಲ್ಲಿ ತಟ್ಟೆ ಹಾರಿ ಬರುತ್ತೋ ಅಂತ."

ಮೂವತ್ನಾಲ್ಕು ವರ್ಷ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ಅವನ ಅಂಗಡಿಗೆ ಬೋರ್ಡು ಬರೆಸಿದ್ದಳು, ಅವನ ಮಕ್ಕಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದಳು. ಅವನೇ ಬಾಯಿ ತೆರೆದು ಹೇಳಲಿ ಎಂದು ಕಾದಿದ್ದಳೋ, ಹೇಳುವುದೇ ಬೇಡ ಎಂದಿದ್ದಳೋ?

"ಫೋನ್ ಮಾಡಿ," ಅಂದಳು ಎಕ್ಸ್‌ಚೇಂಜಮ್ಮ. "ಈಗಲೇ ಮಾಡಿ. ಮುಖ ನೋಡೋ ಹಾಗಿಲ್ಲ, ಏನಿಲ್ಲ."

ಅವನು ಮಾಡಿದ. ಒಂದೇ ಸದ್ದಿಗೆ ಅಕ್ಕ ಎತ್ತಿದಳು.

"ಏನೋ?"

"ಅಕ್ಕ..." ಎಕ್ಸ್‌ಚೇಂಜಮ್ಮ ಉಸಿರು ಬಿಗಿಹಿಡಿದು ಅವನ ಕಿವಿಯ ಪಕ್ಕಕ್ಕೆ ಬಾಗಿದಳು. ವಾಚಪ್ಪ ಬಸ್ಸು ಹೋದ ತಿರುವನ್ನು ನೋಡಿದ. "ಕಿಟಕಿ ಹತ್ರ ಗಾಳಿ ಜಾಸ್ತಿ ಇದೆಯಾ?"

"ಇಲ್ಲ, ಹಿತವಾಗಿದೆ."

ಆಚೆ ಬಸ್ಸಿನ ಗರ್ಜನೆ ಮಾತ್ರ ಕೇಳುತ್ತಿತ್ತು. ಅಕ್ಕ ಫೋನ್ ಇಡಲಿಲ್ಲ.

"ಅಷ್ಟೇನಾ?" ಅಂದಳು ಕೊನೆಗೆ.

"ಅಷ್ಟೇ ಅಕ್ಕ."

"ಸರಿ ಹಾಗಾದ್ರೆ. ಇಡ್ತೀನಿ."

ಎಕ್ಸ್‌ಚೇಂಜಮ್ಮ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಸೀಟಿಗೆ ಒರಗಿದಳು. ಬ್ರೆಡ್ಡಿನ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಹೆದರ್ಬೇಡಿ ವಾಚಪ್ಪ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ," ಅಂದಳು. "ಅಂದ ಹಾಗೆ, ನಾಳೆ ಹತ್ತು ಗಂಟೆಗೆ ನನ್ನನ್ನ ಹಲ್ಲಿನ ಡಾಕ್ಟರ ಹತ್ರ ಬಿಡ್ತೀರಾ? ಗುರುವಾರ ತಂಗಿ ಮನೆಗೆ. ಶನಿವಾರದ್ದು ಆಮೇಲೆ ಹೇಳ್ತೀನಿ."

ವಾಚಪ್ಪ ಮುಂದಿನ ರಸ್ತೆಯನ್ನೇ ನೋಡುತ್ತ ಕೂತಿದ್ದ.

"ಬಿಡ್ತೀನಿ," ಅಂದ.