ಅಂಬುಜಾಳ ಮೊಣಕೈ

ಅಂಬುಜಾ ಗೋಡೆಗೆ ಒರಗಿದ್ದು ಕನಸು ಕಾಣಲಿಕ್ಕೆ, ಗೋಡೆಯನ್ನು ಪರೀಕ್ಷಿಸಲಿಕ್ಕಲ್ಲ.

ಊರಿಗೆ ಬಂದ ಹೊಸ ಸ್ಟೇಷನ್ನಿನ ಹೊಸ ಗೋಡೆ. ವಾಡಿಯಿಂದ ಬರುವ ಗಾಡಿಯಲ್ಲಿ ಬಾಲ್ಯದ ಗೆಳತಿ ತಾಜುನ್ನಿಸಾ ಸೀಟು ಹಿಡಿದಿರುತ್ತಾಳೆ. ಇಬ್ಬರೂ ಸೇಡಂ ತನಕ ಹೋಗಿ ಸುಮ್ಮನೆ ವಾಪಸ್ ಬರುವುದು. ಯಾರ ಮದುವೆಯೂ ಅಲ್ಲ, ಯಾರ ಮಣ್ಣೂ ಅಲ್ಲ. ಕೆಲಸವಿಲ್ಲದೆ ಅಂಬುಜಾ ಮನೆ ಬಿಟ್ಟದ್ದು ಇದೇ ಮೊದಲು. ಕಿಟಕಿಯಾಚೆ ತೊಗರಿ ಹೊಲಗಳು ತೇಲಿ ಹೋಗುವುದನ್ನು ನೆನೆದು ಕಣ್ಣು ಮುಚ್ಚಿದಳು. ಹೂರಣಕ್ಕೆ ಬೆರಳು ಇಳಿದಂತೆ ಅವಳ ಮೊಣಕೈ ಮೆಲ್ಲಗೆ ಗೋಡೆಯೊಳಗೆ ಇಳಿಯಿತು.

"ತೆಗಿಬ್ಯಾಡ್ರಿ ಅಕ್ಕೋರೆ!" ಚಹಾದಂಗಡಿಯ ಅಂಬಾರಾಯ ಓಡಿಬಂದ. "ಕೆಲಸ ಕಳಪೆ ಅದ ಅಂತ ನಾ ಬಡ್ಕೊಂಡ್ರ ಯಾರೂ ನಂಬ್ಲಿಲ್ಲ. ಈಗ ನಿಮ್ಮ ಕೈನೇ ಸಬೂತು! ಸುತ್ತ ಎಲ್ಲಾ ಸಿಮೆಂಟ್ ಫ್ಯಾಕ್ಟರಿ, ಗೋಡ್ಯಾಗ ಚಿಟಿಕಿ ಸಿಮೆಂಟಿಲ್ಲ!"

ನೆರೆಮನೆಯ ಮಶಾಕ ಮೊಬೈಲ್ ಎತ್ತಿದ. "ಸ್ವಲ್ಪ ನೋವಾದಂಗ ಮಾರಿ ಮಾಡ್ರಿ."

"ನೋವಿಲ್ಲೋ ತಮ್ಮಾ, ತಣ್ಣಗ ಅದ."

"ಅದನ್ನ ಹೇಳಬ್ಯಾಡ್ರಿ ಮತ್ತ!"

ಜನ ಜಾತ್ರೆಯಂತೆ ಸೇರಿದರು. ಗಾಡಿಯೂ ಬಂತು. ತಾಜುನ್ನಿಸಾ ಕಿಟಕಿಯಿಂದ ಕೂಗಿದಳು: "ಅಂಬೂ, ಲಗೂ ಬಾ! ಖಿಡಕಿ ಬಾಜೂನೇ ಹಿಡ್ದೀನಿ!"

"ನಾ ಹೋಗ್ತೀನ್ರಿ."

"ಎಲ್ಲಿಗಿ?" ಅಂಬಾರಾಯ ಅಡ್ಡ ಬಂದ. "ಇಂಜಿನಿಯರ್ ಸಾಹೇಬ್ರು ಬರ್ಲಿಕತ್ತಾರ. ಊರಿನ ಮಾನದ ಮಾತು. ನಿಂದ್ರಿ!"

ಮದುವೆಯಾದಂದಿನಿಂದ 'ನಿಂದ್ರು' ಅಂದವರ ಮಾತಿಗೆ ನಿಂತ ಕಾಲುಗಳು. ನಿಂತವು. ಗಾಡಿ ಹೋಯಿತು.

ಇಂಜಿನಿಯರ್ ಬಂದದ್ದು ಇಳಿಹೊತ್ತಿಗೆ, ಊಟ ಮುಗಿಸಿಕೊಂಡು.

"ಬೆಳಿಗ್ಗಿಂದ ಒರಗೀರಿ?"

"ಹೂಂರಿ."

"ಬಿತ್ತೇನು?"

"ಇಲ್ರಿ."

"ಮತ್ತ? ಗೋಡಿ ಗಟ್ಟಿ ಅದ."

ಅಷ್ಟರಲ್ಲಿ ಸೇಡಂ ಕಡೆಯಿಂದ ವಾಪಸ್ ಬರುವ ಗಾಡಿಯ ಸಿಳ್ಳು ಕೇಳಿತು. ಅಂಬುಜಾ ಈ ಸಲ ಯಾರನ್ನೂ ಕೇಳಲಿಲ್ಲ. ಕೈ ಕಿತ್ತುಕೊಂಡು ಓಡಿದಳು. ಹಿಂದೆ ಗೋಡೆ ಸಕ್ಕರೆ ಚೀಲ ಒಡೆದಂತೆ ಸುರಿಯಿತು.

ಇಂಜಿನಿಯರ್ ಧೂಳಿನಲ್ಲಿ ಬೆಳ್ಳಗಾಗಿ ನಿಂತೇ ಸಹಾಯಕನಿಗೆ ಹೇಳಿದರು: "ಬರ್ಕೋ. ಗೋಡೆ ಭದ್ರವಾಗಿತ್ತು. ಹೆಣ್ಣುಮಗಳು ಕೈ ತೆಗೆದ ಕಾರಣ ಬಿದ್ದಿತು. ದುರಸ್ತಿ ಆಗುವವರೆಗೆ ಇಲ್ಲಿ ಗಾಡಿ ನಿಲ್ಲತಕ್ಕದ್ದಲ್ಲ."

ಸ್ಟೇಷನ್ನಿನವರು ಹಸಿರು ನಿಶಾನೆ ಬೀಸಿ ಗಾಡಿಯನ್ನು ನಿಲ್ಲಿಸದೆ ಮುಂದಕ್ಕೆ ಕಳಿಸಿದರು. ಧೂಳಿನ ನಡುವೆ ತಾಜುನ್ನಿಸಾ ಸೀಟಿಗೆ ಹಾಸಿದ್ದ ಕರವಸ್ತ್ರವನ್ನೇ ಬೀಸುತ್ತ, ಕನಸಿನಲ್ಲಿ ಬಂದವಳಂತೆ ದಾಟಿ ಹೋದಳು.

"ಎಂಥಾ ಕೆಲಸ ಮಾಡಿದ್ರಿ ಅಕ್ಕೋರೆ!" ಅಂಬಾರಾಯ ತಲೆ ಚಚ್ಚಿಕೊಂಡ. "ಊರಿಗೆ ಬಂದ ಸ್ಟೇಷನ್ ನಿಮ್ಮ ಕೈಯಿಂದ ಹೋಯ್ತು!"

ಅಂಬುಜಾಳಿಗೆ ಸ್ವಲ್ಪ ಹೊತ್ತು ಎಲ್ಲಾದರೂ ಒರಗಬೇಕೆನಿಸಿತು. ಗೋಡೆ ಇರಲಿಲ್ಲ.