ಏಳು ಒಂದುಗಳು, ಒಂದು ಬಿರಿಯಾನಿ

...ಇಲ್ಲ, ಆ ಕೂಪನ್ ಹಳದಿಯಲ್ಲ, ಹಸಿರು. ಅಥವಾ ಹಳದಿಯೇ ಇರಬೇಕು. ನನ್ನ ನೆನಪು ಕೇಳಿದವರಿಗೆ ಬೇಕಾದ ಬಣ್ಣ ಬಳಿದು ಕೊಡುತ್ತದೆ. ಅದರ ಮೇಲಿದ್ದ ಸಂಖ್ಯೆಯನ್ನು ಮಾತ್ರ ಅದು ಕೆಡಿಸಲಾರದು: 1111111. ಏಳು ಒಂದುಗಳು! ಗಲ್ಫಿನ ಕರಾಮ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ, ಉಳ್ಳಾಲದ ಹಮೀದ್ ಸಾಹೇಬರಿಗೆ ಯಾವುದೋ ಅಂಗಡಿಯ ಲಕ್ಕಿ ಡ್ರಾದಲ್ಲಿ ಸಿಕ್ಕಿದ್ದು. ಬಹುಮಾನ ಬರಲಿಲ್ಲ. ಆದರೂ ಕಾರಿಗೆ, ಮೊಬೈಲಿಗೆ ಚಂದದ ನಂಬರ್ ಬೇಕೆಂದು ಜನ ಹುಚ್ಚಾಗುವ ಊರಿನಲ್ಲಿ ಅದನ್ನು ಎಸೆಯುವುದುಂಟೇ? ಅವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಒಂಬತ್ತನೇ ಕ್ಲಾಸಿನ ಅವರ ಮಗಳು ಶಾಹಿನಾ ಶಾಲೆಯ ಗಣಿತ ಪ್ರದರ್ಶನಕ್ಕೆ ಅದನ್ನೇ ಆರಿಸಿಕೊಂಡಳು. "ಅಂಕಲ್, ಇದು ಪ್ರೈಮಾ? ನಾಳೆ ಜಡ್ಜಸ್ ಕೇಳ್ತಾರೆ. ಲಾಸ್ಟ್ ಇಯರ್ ನಾನು ತಪ್ಪು ಹೇಳಿದ್ದಕ್ಕೆ ಇಡೀ ಹಾಲ್ ನಕ್ಕಿತು." ಧಾರವಾಡದಲ್ಲಿ ಓದಿದ ಎಂಜಿನಿಯರ್ ಎಂಬ ಹೆಮ್ಮೆಯಲ್ಲಿ ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ.

ಎಂಥ ಶುಕ್ರವಾರ ಅದು! ಮೂರರಿಂದ ಭಾಗಿಸಿದರೆ ಒಂದು ಉಳಿಯಿತು. ಏಳರಿಂದಲೂ ಒಂದು. ಹನ್ನೊಂದು, ಹದಿಮೂರು, ಮೂವತ್ತೇಳು, ಎಲ್ಲಕ್ಕೂ ಒಂದೇ ಒಂದು! ಯಾರೋ ಒಳಗೆ ಕೂತು ಒಂದೇ ಬೆರಳು ತೋರಿಸಿದ ಹಾಗೆ. ನಿಯಮದ ಪ್ರಕಾರ ಅದರ ವರ್ಗಮೂಲದವರೆಗಿನ, ಅಂದರೆ ಸಾವಿರದ ಐವತ್ನಾಲ್ಕರವರೆಗಿನ ಪ್ರೈಮ್‌ಗಳನ್ನು, ಅವಿಭಾಜ್ಯಗಳನ್ನೆಲ್ಲ ನೋಡಬೇಕು. ಇನ್ನೂರಮೂವತ್ಮೂರು ಮುಗಿಸುವಷ್ಟರಲ್ಲಿ ಹಮೀದ್ ಸಾಹೇಬರು ಜುಮ್ಮಾ ನಮಾಜು ಮುಗಿಸಿ ಬಂದರು. ಶುಕ್ರವಾರದ ಬಿರಿಯಾನಿ ನಮ್ಮೆರಡು ಮನೆಗೂ ಒಂದೇ ಪಾತ್ರೆಯಲ್ಲಿ.

"ಎಂತ ಇಂಜಿನಿಯರ್ರೇ, ಇನ್ನೂ ಭಾಗಿಸುದಾ? ಅನ್ನ ತಣೀತದೆ ಮಾರಾಯ್ರೆ. ಯಲ್ಲಾ, ಖಲಾಸ್! ಸಾಕು, ಬನ್ನಿ!"

ಐವತ್ತೊಂದು ಅವಿಭಾಜ್ಯಗಳಿಗೆ ಬಗ್ಗದ್ದು ಇನ್ಯಾರಿಗೆ ಬಗ್ಗೀತು? "ಬರಕೋ ತಂಗಿ, ಇದು ಪ್ರೈಮ್. ಎಂಥಾ ಗಟ್ಟಿ ನಂಬರ್ ಅದ ನೋಡು!" ಎಂದೆ. ಅವಳು ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಳು. ಕೆಳಗೆ, ಪರೀಕ್ಷಿಸಿದವರು ಎಂದು ನನ್ನ ಹೆಸರು.

ಎರಡನೇ ಸಲ ಬಡಿಸಿಕೊಳ್ಳುವಾಗ, ಭಾಗಿಸುವುದನ್ನು ಮುಂದುವರಿಸಿದ್ದ ಶಾಹಿನಾಳ ಕಿರುಚಾಟ ಕೋಣೆಯಿಂದ. "ಅಂಕಲ್! ಟೂ ಥರ್ಟಿನೈನ್! ಹೋಗ್ತಾ ಇದೆ!"

ಎಡಗೈಯಲ್ಲೇ ಒತ್ತಿ ನೋಡಿದೆ. 239ರಿಂದ ಭಾಗಿಸಿದರೆ 4649. ಶೇಷವಿಲ್ಲ. ನಾನು ನಿಲ್ಲಿಸಿದ್ದರ ಮುಂದಿನ ಅವಿಭಾಜ್ಯವೇ!

"ಅಂದ್ರೆ ಊಟಕ್ಕೆ ಒಂದು ತುತ್ತು ತಡ ಮಾಡಿದ್ದಿದ್ರೆ ಸಿಕ್ತಿತ್ತು," ಎಂದು ಸಾಹೇಬರು ನಕ್ಕರು.

ನಾಚಬೇಕಿತ್ತು, ಕುಣಿಯುವ ಹಾಗಾಯಿತು. ಏಳು ಒಂದುಗಳನ್ನು ಮುರಿದದ್ದು ಬರೀ ಒಂದನ್ನು ಏನು ಮಾಡೀತೆಂದು, ಒಂದನ್ನು 239ರಿಂದ ಕಾಗದದ ಮೇಲೆ ಭಾಗಿಸುತ್ತ ಹೋದೆವು: 0.0041841, ಮತ್ತೆ 0041841, ಮತ್ತೆ ಅದೇ. ಏಳೇಳು ಅಂಕಿಗೊಮ್ಮೆ ತಿರುಗಿ ಬರುವ ಮೆರವಣಿಗೆ! ಕೈಯ ಅನ್ನ ಒಣಗಿತ್ತು. ಶಾಹಿನಾ ಕೆಂಪಕ್ಷರಗಳ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದಳು: "ಇಲ್ಲಿ, 233ಕ್ಕೇ, ನಿಲ್ಲಿಸಿದ್ದು ತಪ್ಪು."

"ನನ್ನ ಹೆಸರಾದರೂ ಅಳಿಸವಾ."

"ನೋ ಅಂಕಲ್, ಅದೇ ಇಂಟರೆಸ್ಟಿಂಗ್ ಪಾರ್ಟ್."

ಮರುದಿನ ಪಕ್ಕದ ಬಡಾವಣೆ ಊದ್ ಮೇಥಾದ ಶಾಲೆಯಲ್ಲಿ ಜನ ನಕ್ಕರಂತೆ, ಆದರೆ ಅವಳನ್ನು ನೋಡಿ ಅಲ್ಲ, ನನ್ನ ಹೆಸರನ್ನು ಓದಿ. ಬಹುಮಾನ ಎರಡನೆಯದೋ ಮೊದಲನೆಯದೋ, ಮರೆತಿದ್ದೇನೆ. ಬಹುಮಾನದ ಕಪ್ ಹಿಡಿದು ಬಂದವಳು, ಸಾಹೇಬರ ಮನೆಯಲ್ಲಿ ಕಾಯುತ್ತಿದ್ದ ನನ್ನನ್ನು ಬಾಗಿಲಲ್ಲೇ ಕೇಳಿದಳು: "ಎರಡು ಒಂದುಗಳನ್ನ ಸಾಲಾಗಿ ಬರೆದ್ರೆ ಪ್ರೈಮ್. ಹತ್ತೊಂಬತ್ತು ಒಂದು ಬರೆದ್ರೂ ಪ್ರೈಮ್. ಇಪ್ಪತ್ತಮೂರೂ ಅಂತೆ, ಜಡ್ಜ್ ಹೇಳಿದ್ರು. ಹೀಗೇ ಮುಗಿಯದೆ ಸಿಗ್ತಾ ಹೋಗ್ತಾವಾ ಅಂಕಲ್?"

ಹೌದು ಎನ್ನಲು ಬಾಯಿ ತೆರೆದೆ. ಗೋಡೆಯ ಮೇಲಿನ ಏಳು ಒಂದುಗಳು ನನ್ನನ್ನೇ ನೋಡುತ್ತಿದ್ದವು. ಅದು ಇಂದಿಗೂ ಯಾರಿಗೂ ಗೊತ್ತಿಲ್ಲವಂತೆ. ನನಗಂತೂ ಗೊತ್ತಿಲ್ಲ.